ದುಪಟ್ಟಾ ಕೆಳಗೆ ಒತ್ತಿದ್ದು

ಕನ್ಯಾ ನೋಡಲು ಬಂದವರು ನಮ್ಮ ಕಡೆ ಮುಖದ ಮೇಲೆ ಒಲ್ಲೆ ಅನ್ನುವುದಿಲ್ಲ. ಮಂಡಾಳ ಒಗ್ಗರಣೆ ತಿಂದು, ಮಿರ್ಚಿ ಎರಡನೇ ಸಲ ಹಾಕಿಸಿಕೊಂಡು, "ಊರಿಗಿ ಹೋಗಿ ಹೇಳಿ ಕಳಸ್ತೀವ್ರಿ" ಅಂತಾರೆ. ಆಮೇಲೆ ಫೋನ್ ಎತ್ತುವುದಿಲ್ಲ. ದೇವದುರ್ಗದಲ್ಲಿರುವ ನನ್ನ ಕಾಕಾನ ಮಗಳಿಗೆ ಹೀಗೆ ಎರಡು ಸಲ ಆಗಿತ್ತು. ಎರಡೂ ಸಲ ಅವಳು ಹೂಂ ಅಂದಿದ್ದಳೆಂದು ಓಣಿಗೆಲ್ಲ ಗೊತ್ತಿತ್ತು. ಮೂರನೆಯವನು ಮಾನ್ವಿಯ ಮಾಸ್ತರ.

"ಅಣ್ಣಾ, ಅವ ಒಲ್ಲೆ ಅಂದ್ರ ಅನ್ಲಿ. ನಾ ಹೂಂ ಅಂದಿದ್ದು ಮಾತ್ರ ಗೊತ್ತಾಗಬಾರದು" ಅಂದಳು. ಇದೇ ಮಾತು ಅಂದಳೋ, ನನ್ನ ವಿದ್ಯೆಗೆ ಹೊಂದುವಂತೆ ನಾನೇ ತಿದ್ದಿಕೊಂಡೆನೋ, ಈಗ ಆಣೆ ಮಾಡಿ ಹೇಳಲಾರೆ.

ರಾಯಚೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಬಳಿ ಅದಕ್ಕೊಂದು ಓಪನ್ ಸೋರ್ಸ್ ತಂತ್ರಾಂಶವಿತ್ತು. ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಹೂಂ ಅಥವಾ ಒಲ್ಲೆ ಒತ್ತಬೇಕು. ಒತ್ತಿದ್ದು ಗುರುತು ಸಿಗದಂತೆ ಚೂರಾಗಿ ಆಚೆ ಹೋಗುತ್ತದೆ. ಇಬ್ಬರದೂ ಹೂಂ ಆದರೆ ಎರಡೂ ಫೋನಿನಲ್ಲಿ ಒಂದು ಕಾಣುತ್ತದೆ, ಇಲ್ಲದಿದ್ದರೆ ಸೊನ್ನೆ. ಒಲ್ಲೆ ಒತ್ತಿದವನಿಗೆ ಎದುರಿನವಳು ಏನು ಒತ್ತಿದಳೆಂದು ತಿಳಿಯುವುದಿಲ್ಲ. ಹೂಂ ಒತ್ತಿ ಸೊನ್ನೆ ಕಂಡವಳಿಗೆ ಮಾತ್ರ ಅವನು ಒಲ್ಲೆ ಅಂದನೆಂದು ತಿಳಿದೇ ತಿಳಿಯುತ್ತದೆ. ಅದಕ್ಕೆ ಯಾವ ಗಣಿತದಲ್ಲೂ ಔಷಧವಿಲ್ಲ.

ಕಾಕಾನಿಗೆ ಬಿಡಿಸಿ ಹೇಳಿದೆ.

"ದನದ ಸಂತ್ಯಾಗ ಟವೆಲ್ ಮುಚ್ಚಿ ಬೆರಳು ಹಿಡಿದು ರೇಟು ಹೇಳತಾರಲ್ಲ, ಅದ ಅಲ್ಲೇನಲೇ ಇದು?"

"ಯಪ್ಪಾ, ಹಂಗಾರ ನಾ ಎಮ್ಮಿ ಏನು?" ಅಂದಳು ಮಗಳು.

"ಎಮ್ಮಿಗಿ ಇಷ್ಟು ಬಾಯಿ ಇರಂಗಿಲ್ಲ."

ಮಾಸ್ತರನೂ ಒಪ್ಪಿದ. ಕೋಡ್ ಯಾರು ಬೇಕಾದರೂ ಓದುವಂತಿದ್ದುದರಿಂದ, ಶಕ್ತಿನಗರದ ಎಂಜಿನಿಯರ್ ಗೆಳೆಯನಿಂದ ಓದಿಸಿ, ಒತ್ತಿದ್ದನ್ನು ಕದ್ದು ನೋಡುವ ಕಳ್ಳಗಿಂಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡನಂತೆ.

ಅವರು ಕನ್ಯಾ ನೋಡಿ ಮಾನ್ವಿಗೆ ಮರಳಿದ ಮೇಲೆ, ಒತ್ತುವ ಹೊತ್ತಿಗೆ ನಾನು ಯೋಚಿಸಿರದ ತೊಂದರೆ ಎದುರಾಯಿತು. ಯಾರೂ ಕೋಣೆ ಬಿಟ್ಟು ಹೋಗಲೊಲ್ಲರು. ಕೊನೆಗೆ ಕಾಕಾ, ಚಿಗವ್ವ, ಏನೂ ಸಂಬಂಧವಿಲ್ಲದ ಪಕ್ಕದ ಮನೆಯಾಕೆ, ಎಲ್ಲರೂ ಕ್ಯಾಲೆಂಡರಿನ ಗೋಡೆಗೆ ಮುಖ ಮಾಡಿ ನಿಂತರು. ಗೂಢಲಿಪಿ ಪಂಡಿತನಾದ ನಾನೂ ನಿಂತೆ. ಅವಳು ದುಪಟ್ಟಾ ಕೆಳಗೆ ಫೋನ್ ಹಿಡಿದು ಒತ್ತಿದಳು.

ಸೊನ್ನೆ.

ಸಂಜೆಯೊಳಗೆ ಮಾನ್ವಿಯಿಂದ ಸುದ್ದಿ ಬಂತು: "ನಮ್ಮ ಹುಡುಗ ಹೂಂ ಒತ್ತಿದ್ದ, ಹುಡುಗೀನೇ ಒಲ್ಲೆ ಅಂದ್ಲು." ಮಾನ ಉಳಿಸಿಕೊಳ್ಳಲು ಹೇಳಿದ್ದಿರಬೇಕು. ನಿಜವೂ ಇರಬಹುದು. ಸುಳ್ಳೆನ್ನಲು ನನ್ನ ಹತ್ತಿರ ಏನೂ ಇಲ್ಲ, ಇರಬಾರದೆಂದೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು. ಆದರೆ ಓಣಿಯ ಮಾತು ತಿರುಗಿತು. ಎರಡು ಸಲ ಬೇಡವಾದವಳು ಈಗ ಮಾಸ್ತರನನ್ನೇ ಒಲ್ಲೆ ಅಂದವಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಭಾಳ ಸೊಕ್ಕು ಅದ ನೋಡವಾ ನಿನಗ" ಅಂದಳು. ನನ್ನ ತಂಗಿ ಅದನ್ನು ಬಿರುದಿನಂತೆ ತೆಗೆದುಕೊಂಡಳು.

ಸೊನ್ನೆ ಬಂದಾಗ ಅವಳ ಮುಖದಲ್ಲಿ ನಗು ಇತ್ತೆಂದು ನನ್ನ ನೆನಪು. ಗೋಡೆ ನೋಡುತ್ತ ನಿಂತವನಿಗೆ ಅದು ಹೇಗೆ ಕಂಡಿತೋ! ಮೊನ್ನೆ ಕೇಳಿಯೇ ಬಿಟ್ಟೆ.

"ಖರೇನ ಹೇಳು, ಏನ್ ಒತ್ತಿದ್ದಿ?"

"ಯಾಕಣ್ಣಾ, ನಿನ್ನ ಸಾಫ್ಟ್‌ವೇರ್ ಕೆಟ್ಟದೇನು?" ಅಂದಳು. "ಬರೋ ವಾರ ಲಿಂಗಸುಗೂರಿನವರು ಬರಾಕತ್ತಾರ, ಅದನ್ನ ಹಾಕಿಕೊಡು. ಈ ಸಲ ಗೋಡಿಗಿ ನಿಲ್ಲಬ್ಯಾಡ, ಎಲ್ಲಾರನೂ ಕರಕೊಂಡು ಹೊರಗ ಹೋಗು."