ಅಜ್ಜಿ ನೀರೆರೆಯುವಾಗ ಆಡಿದ ಮಾತು

ಆ ಕಾಲದಲ್ಲಿ ನಮ್ಮ ಬಿನ್ನಿಪೇಟೆಯ ಸಾಲುಮನೆಗಳಿಗೆ ಗೋಡೆ ಒಂದೇ, ಮಾತು ಮಾತ್ರ ಬೇರೆ ಬೇರೆ. ಗಿರಣಿ ಕೂಗಿದರೆ ಅಪ್ಪ ಕೆಲಸಕ್ಕೆ ಹೊರಡುತ್ತಿದ್ದ, ನಾವು ಹುಡುಗಿಯರು ಕುಂಟೆಬಿಲ್ಲೆಗೆ ಇಳಿಯುತ್ತಿದ್ದೆವು. ಬೀದಿಯಲ್ಲಿ ಕನ್ನಡ, ಹೊಸಿಲು ದಾಟಿದರೆ ಮನೆಮಾತು. ಪಕ್ಕದ ತಮಿಳರು ಅದನ್ನು ಕನ್ನಡ ಅನ್ನುತ್ತಿದ್ದರು, ಎದುರುಮನೆಯ ಕನ್ನಡದವರು ತಮಿಳು ಅನ್ನುತ್ತಿದ್ದರು. ಅಜ್ಜಿಯನ್ನು ಕೇಳಿದರೆ 'ನಮ್ಮ ಮಾತು' ಅನ್ನುತ್ತಿದ್ದಳು. ಅದಕ್ಕೆ ಬೇರೆ ಹೆಸರಿರಲಿಲ್ಲ.

ಆ ಚಳಿಗಾಲ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮನೆತುಂಬ ಬಜೆ, ಸಾಂಬ್ರಾಣಿ, ಹುರಿದ ಬೆಳ್ಳುಳ್ಳಿಯ ವಾಸನೆ. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಿದ್ದಳು. ಪ್ರತಿ ತಂಬಿಗೆಗೂ ಒಂದು ಮಾತು: ಮೂಗು ನೆಟ್ಟಗಾಗಲಿ, ತಲೆ ದುಂಡಗಾಗಲಿ, ಕಣ್ಣು ಮುಚ್ಚು ಕಳ್ಳ. ಎಲ್ಲ ನಮ್ಮ ಮಾತಿನಲ್ಲೇ. ಮಗು ಅಳು ಮರೆತು ಅವಳ ಬಾಯನ್ನೇ ನೋಡುತ್ತಿತ್ತು.

ನಾಮಕರಣಕ್ಕೆ ಅಕ್ಕನ ಅತ್ತೆ ಕೆಂಗೇರಿಯಿಂದ ಬಂದರು. ಬಚ್ಚಲ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಕೆಟ್ಟವರಲ್ಲ, ಮೆಲ್ಲಗೇ ಅಮ್ಮನಿಗೆ ಅಂದರು:

"ಕನ್ನಡದೋರು ಅಂತ ಹೆಣ್ಣು ತಂದ್ವಿ ಬೀಗ್ರೇ. ಮಗೂಗೆ ಇದು ಅಂಟ್ಕೊಂಡ್ರೆ ನಾಳೆ ನಮ್ಮೂರಲ್ಲಿ ಆಡ್ಕೊತಾರೆ."

ಇದೂ ಕನ್ನಡವೇ ಎಂದು ಹೇಳಲು ಅಮ್ಮ ಒದ್ದಾಡಿದಳು. ಅವಳಿಗೇ ಅದು ಖಾತ್ರಿಯಿರಲಿಲ್ಲ.

ಮಾರನೆಯ ದಿನ ಅಕ್ಕ ತಲೆ ತಗ್ಗಿಸಿಕೊಂಡು, "ಅಜ್ಜಿ, ಮಗೂ ಹತ್ರ ಇನ್ಮೇಲೆ ಕನ್ನಡದಲ್ಲೇ ಮಾತಾಡು" ಅಂದಳು. ಅದನ್ನು ಕನ್ನಡದಲ್ಲೇ ಹೇಳಿದಳು.

ಅಜ್ಜಿಗೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಕನ್ನಡ ಬರುತ್ತಿತ್ತು, ಮುದ್ದು ಮಾಡುವಷ್ಟು ಬರುತ್ತಿರಲಿಲ್ಲ. ಅಂದಿನಿಂದ ಬಾಯಿ ಬಿಗಿದುಕೊಂಡು ನೀರೆರೆದಳು. ಮಗು ಕೇರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಬಾಣಂತನ ಮುಗಿಯುವವರೆಗೂ ಹಾಗೇ ನಡೆಯಿತು.

ಅದು ಭಾಷೆಯೋ, ಬರೀ ಆಡುನುಡಿಯೋ ಎಂದು ಈಗ ಯಾರಾದರೂ ಕೇಳಿದರೆ ನಾನೂ ಅಜ್ಜಿಯಂತೆ 'ನಮ್ಮ ಮಾತು' ಅನ್ನುತ್ತೇನೆ. ಹೋದ ವರ್ಷದ ಹೊತ್ತಿಗೆ ಅದನ್ನು ಬಲ್ಲವರು ಅಕ್ಕ, ನಾನು ಇಬ್ಬರೇ ಉಳಿದಿದ್ದೆವು. ಆಗ ಹಾಸಿಗೆ ಹಿಡಿದು ಆಸ್ಪತ್ರೆಯಲ್ಲಿದ್ದ ಅಕ್ಕ ಕಣ್ಣು ಮುಚ್ಚಿಕೊಂಡು ಏನೋ ಹೇಳುತ್ತಿದ್ದಳು. ಪಕ್ಕದಲ್ಲಿ ಕೂತಿದ್ದವನು ಅವಳ ಅದೇ ಮಗ, ಈಗ ತಲೆ ನರೆತಿದೆ.

"ಅಮ್ಮ ಏನೇನೋ ಬಡಬಡಿಸ್ತಾರೆ ಚಿಕ್ಕಮ್ಮ, ಒಂದೂ ಅರ್ಥ ಆಗಲ್ಲ" ಅಂದ.

ನನಗೆ ಅರ್ಥವಾಗುತ್ತಿತ್ತು. ಮಗು ಅಳ್ತಿದೆ ಅಜ್ಜಿ, ಏನಾದರೂ ಮಾತಾಡು, ಅನ್ನುತ್ತಿದ್ದಳು.