ಸಿಗಡಿ ಕರಗಿದ ನೀರು

ಸಿಗಡಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೊಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ತಣ್ಣನೆಯ ಕಡಲಿನಿಂದ ಕಲ್ಲಿನಂತೆ ಹೆಪ್ಪುಗಟ್ಟಿ ಬರುವ ಸಿಗಡಿಯನ್ನು ತೊಟ್ಟಿಯ ನೀರಿನಲ್ಲಿ ಕರಗಿಸುವುದು, ಸುಲಿಯುವವರಿಗೆ ಕಳಿಸುವುದು, ಉಳಿದ ನೀರನ್ನು ಮೋರಿಗೆ ಬಿಡುವುದು ಅವಳ ಕೆಲಸ. ಅವಳು ಮಾತಿಗೆ ನಿಂತರೆ ಯಂತ್ರದ ಸದ್ದೂ ಸಪ್ಪೆ.

ಒಂದು ಬೆಳಿಗ್ಗೆ ಪ್ರಯೋಗಾಲಯದ ಸಂಶೋಧಕಿಯೊಬ್ಬಳು ಕ್ಯಾನು ಹಿಡಿದು ಬಂದಳು.

"ಸಿಗಡಿ ಬೇಡಕ್ಕ. ನೀವು ಮೋರಿಗೆ ಬಿಡೋ ನೀರಿದೆಯಲ್ಲ, ಅದು ಬೇಕು."

ಸುಲಿಯುವ ಹೆಂಗಸರು ಬಿದ್ದು ಬಿದ್ದು ನಕ್ಕರು. ತೊಟ್ಟಿಯಕ್ಕ ಮಾತ್ರ ಬಿಡದೆ ಕೇಳಿ ತಿಳಿದುಕೊಂಡಳು. ಡಿಎನ್‌ಎ ಎಳೆಯನ್ನು ಕತ್ತರಿಸಿ ನಡುವೆ ಬೇರೊಂದು ತುಂಡು ಸೇರಿಸಲು ಹೋದರೆ, ಕತ್ತರಿಸಿದ ತುದಿಗಳು ತಾವೇ ಮತ್ತೆ ಅಂಟಿಕೊಂಡುಬಿಡುತ್ತವಂತೆ. ತುದಿಯ ಫಾಸ್ಫೇಟನ್ನು ಕಿತ್ತುಹಾಕಿದರೆ ಹಾಗೆ ಅಂಟುವುದಿಲ್ಲ; ಹೊಸ ತುಂಡು ಮಾತ್ರ ತನ್ನದೇ ಫಾಸ್ಫೇಟಿನಿಂದ ಅಲ್ಲಿ ಅಂಟಿಕೊಳ್ಳುತ್ತದೆ. ಅದನ್ನು ಕೀಳುವ ಕಿಣ್ವ ಸಿಗಡಿಯ ಮೈಯಲ್ಲಿದೆ. ಕರಗುವಾಗ ನೀರಿಗೂ ಇಳಿದಿರಬೇಕೆಂದು ಸಂಶೋಧಕಿಯ ಊಹೆ. ಕೆಲಸ ಮುಗಿದ ಮೇಲೆ ಅದು ಹೊಸ ತುಂಡಿನ ಫಾಸ್ಫೇಟನ್ನೂ ಕೀಳಬಾರದು; ಬಿಸಿ ಮಾಡಿದರೆ ಅದರ ಆಟ ಅಲ್ಲಿಗೆ ಮುಗಿಯುತ್ತದೆ. ಬೇರೆ ಪ್ರಾಣಿಗಳಿಂದ ತೆಗೆದ ಕಿಣ್ವ ಅಷ್ಟು ಸುಲಭಕ್ಕೆ ತೊಲಗದು.

ಅಕ್ಕ ಕ್ಯಾನು ತುಂಬಿಸಿಕೊಟ್ಟಳು. ಆದರೆ ಮನಸ್ಸು ತಡೆಯಲಿಲ್ಲ. ರಜೆಯ ದಿನ ಪ್ರಯೋಗಾಲಯಕ್ಕೆ ಹೊರಟೇಬಿಟ್ಟಳು.

"ಮೋರಿ ನೀರಿನ ಯೋಗಕ್ಷೇಮ ವಿಚಾರಿಸೋಕೆ ಹೊಸ ಬಟ್ಟೆನಾ?" ಎಂದು ಗಂಡ ಕಾಲೆಳೆದ.

ಸಂಶೋಧಕಿ ಬಣ್ಣವಿಲ್ಲದ ದ್ರವದ ಪುಟ್ಟ ಕೊಳವೆಯನ್ನು ಮುಂದಿಟ್ಟು, ತೊಟ್ಟಿ ನೀರಿನ ಹನಿ ಬಿಡಲು ಅಕ್ಕನಿಗೇ ಹೇಳಿದಳು. ಕಿಣ್ವ ಇದ್ದರೆ ಹಳದಿಯಾಗಬೇಕು. ಹನಿ ಬಿತ್ತು. ಏನೂ ಆಗಲಿಲ್ಲ. ಇಬ್ಬರೂ ಕೊಳವೆಯ ಮೇಲೆ ಬಗ್ಗಿ ಕಾದರು. ಮೆಲ್ಲಗೆ ಒಂದಿಷ್ಟು ಹಳದಿ ಛಾಯೆ ಕಂಡಿತು. ನೋಡನೋಡುತ್ತಿದ್ದಂತೆ ಇಡೀ ಕೊಳವೆ ಹಳದಿ ಹಳದಿ. ಅಕ್ಕ ಸಂಶೋಧಕಿಯನ್ನು ಬಾಚಿ ತಬ್ಬಿಕೊಂಡಳು.

ಮುಂದಿನದು ಅಷ್ಟು ಸಲೀಸಾಗಿರಲಿಲ್ಲ. ಶುದ್ಧೀಕರಿಸುವಾಗ ಕಿಣ್ವ ಮತ್ತೆ ಮತ್ತೆ ಕೈಕೊಟ್ಟಿತು. ಪ್ರತಿ ಸಲವೂ ಅಕ್ಕ ಪೀಪಾಯಿಗಟ್ಟಲೆ ನೀರು ಹಿಡಿದುಕೊಟ್ಟು, ಧೈರ್ಯವನ್ನೂ ತುಂಬಿ ಕಳಿಸಿದಳು. ಕೊನೆಗೊಂದು ಮಧ್ಯಾಹ್ನ ಫೋನು ಬಂತು. ಕಿಣ್ವ ಹಾಕಿದ ಡಿಎನ್‌ಎ ತುದಿಗಳು ತಮ್ಮಷ್ಟಕ್ಕೆ ಅಂಟಿಕೊಂಡಿರಲಿಲ್ಲ. ಹೊಸ ತುಂಡು ಸರಿಯಾಗಿ ಕೂತಿತ್ತು.

ಅಕ್ಕ ಹಾಕಿದ ಕೇಕೆಗೆ ಬೆಚ್ಚಿ ಯಾರೋ ಯಂತ್ರವನ್ನೇ ನಿಲ್ಲಿಸಿದರು. ಮ್ಯಾನೇಜರು ಓಡಿಬಂದು, ಇದರಿಂದ ನಮಗೇನು ಲಾಭ ಎಂದು ಕೇಳಿದ.

"ಅದೆಲ್ಲ ನಂಗೊತ್ತಿಲ್ಲ ಸಾರ್. ಕೂತ್ಕೊಂಡಿದೆಯಂತೆ! ತುಂಡು ಕೂತ್ಕೊಂಡಿದೆಯಂತೆ!"

ಸುಲಿಯುತ್ತಿದ್ದವರೆಲ್ಲ ಒದ್ದೆ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ನೀರು ನಾಲ್ಕೂ ಕಡೆ ಸಿಡಿದು, ಮ್ಯಾನೇಜರನ ಇಸ್ತ್ರಿ ಮಾಡಿದ ಅಂಗಿ ತೊಯ್ದು ತೊಪ್ಪೆಯಾಯಿತು. ಅವನೂ ನಕ್ಕುಬಿಟ್ಟ.