ಯಾರೂ ಕುಡಿಯಬಾರದ ಪಾದೋದಕ

ಮೊದಲು ತುರಿಕೆ ಬಂತು.

ಸೊಂಟದಲ್ಲಿ ಶುರುವಾಗಿ ಬೆನ್ನಿಗೆ ಹತ್ತಿತು, ಅಲ್ಲಿಂದ ಕುತ್ತಿಗೆಗೆ. ಮೈತುಂಬ ಗಂದೆ. ಆಗ ನಾನು ಊರಿನ ಚಹಾ ಹೋಟೆಲಿನ ಬಾಕಿನ ಮೇಲೆ ಕೂತು, ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುವ ಪೇಪರಿನ ಆರೋಗ್ಯ ಅಂಕಣವನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದೆ. ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈ ಬೆನ್ನ ಮೇಲೆ. ಮೆಟ್ರಿಕ್ ಮುಗಿಸಿ ಖಾಲಿ ಕೂತವರಲ್ಲಿ ಗಟ್ಟಿ ದನಿ ನನ್ನದೊಂದೇ ಆಗಿದ್ದರಿಂದ ಈ ಹುದ್ದೆ ನನಗೆ ಸಿಕ್ಕಿತ್ತು.

"ಶರಣಪ್ಪಾ, ಮೈಗಿ ಏನಾಗ್ಯಾದಲೇ?" ಅಂದ ಗೆಳೆಯ ಮಲ್ಕಪ್ಪ.

"ರಕ್ತ ಶುದ್ಧ ಆಗಾಕತ್ತದ. ವರ್ಷದಿಂದ ನೀರು ಕುಡ್ಯಾಕತ್ತೇನಲ್ಲ, ಒಳಗಿಂದೆಲ್ಲ ಹೊರಗ ಬರಾಕತ್ತದ."

ಹೊರಗೆ ಬರುತ್ತಿದ್ದದ್ದು ನಿಜ. ಏನು ಬರುತ್ತಿದೆ ಎಂಬುದೊಂದೇ ನನಗೆ ಗೊತ್ತಿರಲಿಲ್ಲ.

ಆ ನೀರಿನ ಕಥೆ ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ಅದೇ ಅಂಕಣದಲ್ಲಿ ಒಂದು ಸಲಹೆ ಬಂದಿತ್ತು. ಇತ್ತೀಚಿನ ಸಂಶೋಧನೆಯ ಪ್ರಕಾರ ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನಾಲ್ಕು ಗ್ಲಾಸು ನೀರು ಕುಡಿದರೆ ತಲೆನೋವು, ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಕೂದಲು ಉದುರುವುದು ಎಲ್ಲ ಹೋಗುತ್ತದಂತೆ. ನನಗೆ ಇದರಲ್ಲಿ ಒಂದೂ ಇರಲಿಲ್ಲ. ಆದರೂ ಪುಕ್ಕಟೆ ಸಿಗುವ ಲಾಭ ಬಿಡಲು ಮನಸ್ಸಾಗಲಿಲ್ಲ.

ನಮ್ಮೂರು ಅಫಜಲಪುರದ ರಸ್ತೆ ಬಿಟ್ಟು ಒಳಗೆ. ಕುಡಿಯುವ ನೀರಿಗೆ ಇರುವುದು ಒಂದೇ ಬಾವಿ, ಮೆಟ್ಟಿಲ ಬಾವಿ. ಇಳಿದು ಹೋಗಿ, ಮೊಣಕಾಲಮಟ್ಟದ ನೀರಿನಲ್ಲಿ ನಿಂತು ಕೊಡ ತುಂಬಬೇಕು. ಅವ್ವ ಮನೆಗೆ ತಂದ ನೀರನ್ನು ಹಳೇ ಸೀರೆಯ ತುಂಡು ಎರಡು ಮಡಿಕೆ ಮಾಡಿ ಸೋಸುತ್ತಿದ್ದಳು. ಸೋಸಿದರೆ ನೀರಿನ ಸತ್ವ ಹೋಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ. ಆದ್ದರಿಂದ ದಿನಾ ಬೆಳಿಗ್ಗೆ ನಾನು ಕೊನೆಯ ಮೆಟ್ಟಿಲಲ್ಲಿ ಮಂಡಿಯೂರಿ, ಬೊಗಸೆಯಲ್ಲಿ ಎತ್ತೆತ್ತಿ ಎಮ್ಮೆಯ ಹಾಗೆ ಕುಡಿಯುತ್ತಿದ್ದೆ. ಪಕ್ಕದಲ್ಲಿ ನನ್ನ ಏಕಮಾತ್ರ ಶಿಷ್ಯ ಮಲ್ಕಪ್ಪ. ಕುಡಿದು ಎದ್ದರೆ ಹೊಟ್ಟೆ ಗುಡುಗುಡು ಅನ್ನುವುದು. ಅದನ್ನೂ ಆರೋಗ್ಯವೆಂದೇ ತಿಳಿದೆ.

ತುರಿಕೆ ಇಳಿಯುವ ಹೊತ್ತಿಗೆ ಬಲಗಾಲಿನ ಹಿಮ್ಮಡಿಯ ಮೇಲೆ ಒಂದು ಬೊಕ್ಕೆ ಎದ್ದಿತು. ಓಡುವುದು ಒಳ್ಳೆಯದೆಂದು ಪೇಪರು ಹೇಳಿದ್ದರಿಂದ ಕ್ಯಾನ್ವಾಸ್ ಬೂಟು ತಂದಿದ್ದೆ. ಬೂಟು ಕಚ್ಚಿದೆ ಎಂದುಕೊಂಡೆ. ಆದರೆ ಬೂಟಿನ ಕಡಿತ ಹೀಗೆ ಉರಿಯುವುದಿಲ್ಲ. ಕೆಂಡ ಕಟ್ಟಿದ ಹಾಗೆ. ಅವತ್ತು ಅಂಗಳದಲ್ಲಿ ಬಕೀಟಿಗೆ ನೀರು ತುಂಬಿ ಕಾಲು ಇಳಿಬಿಟ್ಟೆ. ಜೀವ ತಣ್ಣಗಾಯಿತು. ಕಣ್ಣು ಮುಚ್ಚಿದೆ. ತೆರೆದಾಗ ಬೊಕ್ಕೆ ಒಡೆದಿತ್ತು, ನೀರು ಹಾಲಿನಂತೆ ಕದಡಿತ್ತು.

ಅದರೊಳಗೆ ಬಿಳಿ ದಾರವೊಂದು ಆಡುತ್ತಿತ್ತು.

ಕಾಲುಚೀಲದ ದಾರ ಅಂದುಕೊಂಡೆ. ಹಿಡಿದು ಎಳೆದೆ. ಅದು ನನ್ನ ಕಾಲಿನೊಳಗಿಂದ ಬರುತ್ತಿತ್ತು.

ನನ್ನ ಕೂಗಿಗೆ ಅವ್ವ ಓಡಿ ಬಂದಳು. ನೋಡಿದವಳೇ ನನ್ನ ಕೈಗೆ ಒಂದು ಬಿಟ್ಟಳು. "ಬಿಡಲೇ, ಎಳೀಬ್ಯಾಡ. ನಾರು ಅದು."

ನಾರು ಹುಣ್ಣಿನ ಹೆಸರು ಯಾರು ಕೇಳಿಲ್ಲ? ಆದರೆ ಅದು ಬೇರೆಯವರಿಗೆ ಬರುವುದು ಎಂದು ನಾನು ನಂಬಿದ್ದೆ. ನಾನು ದಿನಾ ನೀರು ಕುಡಿಯುವವನು.

ಅವ್ವ ಬಕೀಟಿನ ನೀರನ್ನು ತಿಪ್ಪೆಗೆ ಸುರಿದು, ಕಾಲಿಗೆ ಬಟ್ಟೆ ಸುತ್ತಿ, ಅಫಜಲಪುರದ ಬಸ್ಸು ಹತ್ತಿಸಿದಳು. ಡಾಕ್ಟರ್ ವಯಸ್ಸಾದವರು. ನನ್ನ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ನೋಡಿದರು. ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ.

"ಈ ಕಾಲು ಬಾವ್ಯಾಗ ಇಟ್ಟಿದ್ದೇನು?"

"ಇಲ್ರಿ. ಬಕೀಟಿನ್ಯಾಗ."

"ಆ ನೀರು?"

"ತಿಪ್ಪಿ ಮ್ಯಾಲ ಚೆಲ್ಲೀನ್ರಿ," ಅಂದಳು ಅವ್ವ.

ಅವರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. ಆಮೇಲೆ ಬಿಡಿಸಿ ಹೇಳಿದರು. ಈ ಹುಳ ನೀರಿಗಾಗಿಯೇ ಕಾಯುತ್ತದೆ. ಉರಿ ಎಬ್ಬಿಸುವುದೂ ಅದಕ್ಕೇ. ಕಾಲು ನೀರಿಗೆ ಇಟ್ಟ ಕೂಡಲೇ ಲೆಕ್ಕವಿಲ್ಲದಷ್ಟು ಮರಿ ಬಿಡುತ್ತದೆ. ಅವು ಬಾವಿಯಲ್ಲಿರುವ ಚುಕ್ಕಿಯಂಥ ಹುಳುಗಳ ಹೊಟ್ಟೆ ಸೇರುತ್ತವೆ. ಆ ನೀರನ್ನು ಹಾಗೇ ಕುಡಿದವರಿಗೆ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಮುಂದಿನ ಬೇಸಿಗೆಗೆ ಅವರ ಕಾಲಿನಲ್ಲಿ ದಾರ ಕಾಣಿಸುತ್ತದೆ.

"ನೀ ಏನರ ಬಾವಿ ನೀರು ಸೋಸದೆ ಕುಡೀತಿದ್ದೇನು?"

ನಾಲ್ಕು ಗ್ಲಾಸಿನ ಕಥೆ ಹೇಳಿದೆ. ಕಂಪೌಂಡರ್ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

"ಪೇಪರಿನ್ಯಾಗ ಶುದ್ಧ ನೀರು ಅಂತ ಬರ್ದಿರಬೇಕಲ್ಲ?" ಅಂದರು ಡಾಕ್ಟರ್.

"ಬರ್ದಿತ್ರಿ. ನಮ್ಮ ಬಾವಿ ನೀರು ತಿಳಿ ಅದರಿ, ತಳ ಕಾಣಸ್ತದ."

"ತಳ ನೋಡಿದಿ. ನಡುವ ಏನದ ನೋಡಲಿಲ್ಲ."

ಗುಳಿಗೆ ಕೊಟ್ಟರೆ ಹುಳ ಸಾಯುವುದಿಲ್ಲ. ಇಂಜೆಕ್ಷನ್ ಹಾಕಿದ್ದು ಗಾಯಕ್ಕೆ ಇನ್ಫೆಕ್ಷನ್ ಆಗದಿರಲಿ ಎಂದು. ಹುಳದ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸುತ್ತಿ, ಮೇಲೆ ಡ್ರೆಸಿಂಗ್ ಮಾಡಿದರು. ದಿನಕ್ಕೆ ಬೆರಳಗಲ, ಅದು ತಾನಾಗಿ ಬಿಟ್ಟಷ್ಟು ಮಾತ್ರ ಸುತ್ತಬೇಕು. ಅವಸರ ಮಾಡಿ ಕಡಿದರೆ ಒಳಗೆ ಉಳಿದದ್ದು ಕೊಳೆತು ಕಾಲು ಬಾತುಕೊಳ್ಳುತ್ತದೆ, ನಡಿಗೆಯೇ ಹೋಗಬಹುದು.

"ಮುಖ್ಯ ಮಾತು," ಅಂದರು. "ಉರಿ ತಡ್ಯಾಕ ಆಗೂದಿಲ್ಲ. ಬಾವಿ ಕಡಿ ಹೋಗ್ಬೇಕು ಅನಸ್ತದ. ಹೋಗಬ್ಯಾಡ. ನೀ ಒಮ್ಮಿ ಕಾಲಿಟ್ರ ಮುಂದಿನ ವರ್ಷ ನಿಮ್ಮ ಓಣಿ ಪೂರಾ ಇಲ್ಲಿ ಬರ್ತದ."

ಅವ್ವ ಬಸ್ಸಿಂದಿಳಿದು ಮನೆಗೆ ಬರಲಿಲ್ಲ. ನೇರ ಬಾವಿಗೆ ಹೋಗಿ ನೀರಿಗೆ ಬಂದ ಹೆಂಗಸರಿಗೆಲ್ಲ ಹೇಳಿ ಬಂದಳು. ಸಂಜೆಯೊಳಗೆ ನಾನು ಊರಿಗೆ ದೊಡ್ಡ ಮನುಷ್ಯನಾದೆ. ಹುಳಕ್ಕೆ ನಾನೇ ಸಾಹುಕಾರ ಎಂದು ಹೆಸರಿಟ್ಟೆ. ಕೆಲಸವಿಲ್ಲದೆ ಒಳಗೆ ಕೂತು ತಿಂದು, ಹೊರಡು ಅಂದರೆ ಗತ್ತು ಮಾಡುವವನಿಗೆ ಬೇರೆ ಯಾವ ಹೆಸರು ಒಪ್ಪುತ್ತದೆ? ಅವ್ವ ಮಾತ್ರ, "ಹಂಗಾರ ಅದಕ್ಕ ನಿನ್ನ ಹೆಸರೇ ಇಡಬೇಕಿತ್ತು," ಅಂದಳು. ಡ್ರೆಸಿಂಗಿಗೆ ಹೋಗುವಾಗ ಬಸ್ಸಿನ ಕಂಡಕ್ಟರ್ ನನಗೊಂದು, ಸಾಹುಕಾರನಿಗೊಂದು ಎಂದು ಎರಡು ಟಿಕೆಟ್ ಹರಿಯಲು ಬಂದ.

ನಗುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಆಗುತ್ತಿದ್ದಂತೆ ಉರಿ ಏಳುತ್ತಿತ್ತು. ಹಾಸಿಗೆ, ನೆಲ, ಗೋಡೆ, ಎಲ್ಲಿ ಕಾಲಿಟ್ಟರೂ ಕೆಂಡ. ಒದ್ದೆ ಬಟ್ಟೆ ಹಾಕಿದರೆ ಬಟ್ಟೆಯೇ ಬಿಸಿಯಾಗುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಹೊಲಕ್ಕೆ ಹೋಗಿದ್ದಳು. ಕೋಲು ಊರಿಕೊಂಡು ಹೊರಟೆ. ಎಲ್ಲಿಗೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಬಾವಿಯ ಮೆಟ್ಟಿಲು ತಂಪಾಗಿತ್ತು. ಕುಂಡೆಯ ಮೇಲೆ ಜಾರುತ್ತ ಒಂದೊಂದೇ ಇಳಿದೆ. ಡ್ರೆಸಿಂಗ್ ಬಿಚ್ಚಿದೆ. ಕಾಲಿಗೂ ನೀರಿಗೂ ಒಂದು ಗೇಣು.

ಹಿಂದಿನ ವರ್ಷ ಇಲ್ಲಿ ಹುಳದ ಕಾಲು ಇಟ್ಟವರು ಯಾರೋ ನನಗೆ ಗೊತ್ತಿಲ್ಲ. ಅಲ್ಲಿಯವರೆಗೆ ಅವರಿಗೆ ಮನಸ್ಸಿನಲ್ಲೇ ಬಾಯಿಗೆ ಬಂದದ್ದು ಅನ್ನುತ್ತಿದ್ದೆ. ಆ ಗಳಿಗೆಯಲ್ಲಿ ಬೈಗುಳ ಒಂದೂ ನೆನಪಾಗಲಿಲ್ಲ.

"ಎಲ್ಲಿಗಿ ಬಂದೀ, ನವಾಬಾ?"

ನಮ್ಮ ಪಕ್ಕದ ಮನೆಯ ಖಾಜಾಬಿ. ಆ ಬದಿಯ ಕಂಬದ ಹಿಂದೆ ಕೊಡ ತುಂಬುತ್ತಿದ್ದಳು. ಅವಳ ಮೊಣಕಾಲು ಹಿಡಿದು ವರ್ಷಗಳಾಗಿದ್ದವು. ಹೆಂಗಸರ ಗದ್ದಲ ಇಲ್ಲದಾಗ ಬಂದು ನಿಧಾನ ಹತ್ತಿ ಇಳಿಯುತ್ತಿದ್ದಳು.

"ಸುಮ್ನ. ನೀರು ನೋಡಾಕ."

"ನೋಡಿದ್ಯಲ್ಲ. ನಡಿ ಮ್ಯಾಲ."

"ಖಾಜಾಬಿ, ಒಂದ ಸಲ. ಕಾಲ್ಬೆಟ್ಟಿನ ತುದಿ ಅಷ್ಟೇ. ಯಾರಿಗಿ ಗೊತ್ತಾಗ್ತದ?"

ಅವಳು ಬೈಯಲಿಲ್ಲ. ಕೊಡ ಎತ್ತಿ ಬಂದು, ನನಗೂ ನೀರಿಗೂ ನಡುವಿನ ಮೆಟ್ಟಿಲಲ್ಲಿ ಕೂತಳು. "ನಿನಗ ನೀರು ಬೇಕು, ಹೌದಿಲ್ಲ? ಬಾವೀನೇ ಬೇಕಂತೇನು ಇಲ್ಲಲ್ಲ ಬೇಟಾ. ಏಳು."

ಒಬ್ಬರಿಗೊಬ್ಬರು ಆತು ಹತ್ತಿದೆವು. ಯಾರು ಯಾರನ್ನು ಹತ್ತಿಸಿದರೋ ಹೇಳುವುದು ಕಷ್ಟ. ಬಾವಿಯ ಗೋಡೆಯಿಂದ ದೂರ, ಬೇವಿನ ಮರದ ಆಚೆ, ಬಿರುಕು ಬಿಟ್ಟ ಎರೆನೆಲದ ಮೇಲೆ ನನ್ನನ್ನು ಕೂರಿಸಿ, ಇಡೀ ಕೊಡದ ನೀರನ್ನು ಸಣ್ಣ ಧಾರೆಯಲ್ಲಿ ಕಾಲಿನ ಮೇಲೆ ಬಿಟ್ಟಳು. ನೆಲ ಗಟಗಟ ಕುಡಿಯಿತು. ನಾನು ಅತ್ತೆ. ಅವಳು ಖಾಲಿ ಕೊಡ ಹಿಡಿದು ಮತ್ತೆ ಬಾವಿಗೆ ಇಳಿದಳು.

ಡ್ರೆಸಿಂಗ್ ಬಿಚ್ಚಿದ್ದಕ್ಕೆ ಡಾಕ್ಟರ್ ಬೈದರು. ಒಣ ನೆಲಕ್ಕೆ ಬಿದ್ದ ಮರಿ ಬದುಕುವುದಿಲ್ಲ, ಬಾವಿಯಿಂದ ದೂರ ಹೀಗೆ ನೀರು ಹಾಕಿದರೆ ಅಡ್ಡಿಯಿಲ್ಲ ಅಂದರು. ಅಂದಿನಿಂದ ಬೇವಿನ ಮರದ ಕೆಳಗೆ ನನ್ನ ಸುಂಕದ ನಾಕಾ ಶುರುವಾಯಿತು. ನೀರು ಹೊತ್ತು ಹೋಗುವ ಪ್ರತಿ ಹೆಂಗಸೂ ನನ್ನ ಕಾಲಿಗೆ ಒಂದು ಚರಿಗೆ ಸುಂಕ ಕಟ್ಟಬೇಕು. ಸುಂಕದ ಜೊತೆ ಒಂದೊಂದು ಮಾತೂ ಬೀಳುತ್ತಿತ್ತು.

"ಇನ್ನ ನಾಕ್ ಗ್ಲಾಸ್ ಹಾಕಲೇನೋ, ಡಾಕ್ಟರ್ ಸಾಹೇಬಾ?"

"ಪಾದಪೂಜಿ ನಡದದ ನೋಡ್ರೆವ್ವ, ಶರಣಪ್ಪ ಸ್ವಾಮಿಗೋಳ್ದು."

ಚೇಷ್ಟೆ ಬಿಟ್ಟರೆ ನಾನೆಲ್ಲಿ. ಕಣ್ಣು ಅರೆ ಮುಚ್ಚಿ, ಕೈಯೆತ್ತಿ, "ಬರ್ರಿ, ಬರ್ರಿ, ಪಾದೋದಕ ತಗೊಳ್ರಿ," ಅಂದೆ.

ಪುಟ್ಟ ಬೊಗಸೆಯೊಂದು ಕಾಲಿನ ಕೆಳಗೆ ಬಂತು.

ಅಣ್ಣನ ಮಗಳು ನೀಲಾ. ಇನ್ನೂ ಶಾಲೆಗೆ ಹಚ್ಚಿರಲಿಲ್ಲ. ಮನೆಗೆ ಅಯ್ಯನವರು ಬಂದಾಗ ಪಾದ ತೊಳೆದ ನೀರಿಗೆ ಹೇಗೆ ಕೈಯೊಡ್ಡುತ್ತಾಳೋ ಹಾಗೇ, ಬಲಗೈಯ ಕೆಳಗೆ ಎಡಗೈ ಇಟ್ಟು, ತಲೆ ಬಗ್ಗಿಸಿ ನಿಂತಿದ್ದಳು. ಬೊಗಸೆ ಆಗಲೇ ತುಂಬಿತ್ತು. ಬಾಯಿಯ ಹತ್ತಿರ ಹೋಗುತ್ತಿತ್ತು.

ನಾನು ಆ ಕೈಗಳನ್ನು ಒದ್ದೆ. ಹುಳ ಸುತ್ತಿದ ಕಾಲಿನಿಂದಲೇ ಒದ್ದೆ. ಕಡ್ಡಿ ಜಗ್ಗಿತು, ಕಣ್ಣಿಗೆ ಕತ್ತಲೆ ಬಂತು. ನೀಲಾ ದಿಗಿಲುಬಿದ್ದು ಚೀರಿದಳು. ಖಾಜಾಬಿ ಅವಳ ಕೈಯನ್ನು ಸೆರಗಿನಲ್ಲಿ ಒರೆಸಿ ಎತ್ತಿಕೊಂಡಳು. ಸುಂಕ ಕಟ್ಟಲು ನಿಂತವರು ಕೊಡ ಹೊತ್ತು ಒಬ್ಬೊಬ್ಬರಾಗಿ ಮನೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕಂಪೌಂಡರ್ ಬ್ಯಾಂಡೇಜ್ ಬಿಚ್ಚುವಾಗ ನಾನು ಚಾವಣಿ ನೋಡುತ್ತಿದ್ದೆ. ದಾರ ಬಿಗಿದಿತ್ತು. ಕಡಿದಿರಲಿಲ್ಲ. ಹುಡುಗಿ ಅದೊಂದು ಗುಟುಕು ಕುಡಿದಿದ್ದರೂ ಆ ಕ್ಷಣಕ್ಕೆ ಏನೂ ಆಗುತ್ತಿರಲಿಲ್ಲ, ಮರಿ ಮೊದಲು ಚುಕ್ಕಿಹುಳದ ಹೊಟ್ಟೆಯಲ್ಲಿ ಬೆಳೆಯಬೇಕು ಎಂದು ಡಾಕ್ಟರ್ ಸಮಾಧಾನ ಹೇಳಿದರು. ಸಮಾಧಾನವಾಯಿತು. ಆದರೆ ಮನೆಗೆ ಬಂದು ನೀಲಾಳ ಎದುರು ಕೂತಾಗ ಯಾವ ಚೇಷ್ಟೆಯೂ ಹೊಳೆಯಲಿಲ್ಲ. ಅವಳೇ ನನ್ನ ಕಾಲು ನೋಡಿ, "ಕಾಕಾ, ಸಾಹುಕಾರ ಸಿಟ್ಟಿಗೆದ್ದಾನೇನು?" ಎಂದು ಕೇಳಿದಳು.

ಮುಂಗಾರಿನ ಮಿರಗದ ಮಳೆಗೆ ಸ್ವಲ್ಪ ಮುಂಚೆ ಸಾಹುಕಾರರು ಹೊರಟರು. ಕಂಪೌಂಡರ್ ಎಂದಿನಂತೆ ಕಡ್ಡಿ ತಿರುವುತ್ತಿದ್ದ, ಬಿಗಿ ಇಲ್ಲದೆ ದಾರ ಸರ್ರನೆ ಬಂದು ಮುಗಿಯಿತು. ನನ್ನ ಮೊಳಕ್ಕಿಂತ ಉದ್ದ. ಇಷ್ಟುದ್ದದ್ದು ವರ್ಷವಿಡೀ ನನ್ನೊಳಗೆ ತಿರುಗಾಡುತ್ತಿದ್ದಾಗ ನಾನು ಹೋಟೆಲಿನಲ್ಲಿ ಕೂತು ಊರಿಗೆಲ್ಲ ಆರೋಗ್ಯ ಹೇಳುತ್ತಿದ್ದೆ.

ಗಾಯ ಒಣಗಿ ಬೂಟು ಹಾಕುವಂತಾಯಿತು. ಓಣಿಯ ಎಲ್ಲ ಕೊಡದ ಬಾಯಿಗೂ ಎರಡು ಮಡಿಕೆ ಬಟ್ಟೆ ಬಂತು. ನಿನಗೆ ಮೊದಲೇ ಇದೆಲ್ಲ ತಿಳಿದಿತ್ತಾ ಎಂದು ಅವ್ವನನ್ನು ಕೇಳಿದೆ. "ಏನಿಲ್ಲಪ್ಪ. ಕಸ ಕಡ್ಡಿ ಬಾಯಾಗ ಬರ್ತಾವಂತ ಸೋಸ್ತಿದ್ದೆ," ಅಂದಳು. ಮಲ್ಕಪ್ಪನಿಗಾಗಿ ಹೆದರಿದ್ದೆ. ಅವನೂ ನನ್ನ ಜೊತೆ ವರ್ಷವೆಲ್ಲ ಕುಡಿದವನು. ಅವನು ತಲೆ ಕೆರೆದುಕೊಂಡು, "ನಾ ಒಂದಿನಾನೂ ಕುಡದಿಲ್ಲೋ. ಬಾಯಾಗ ಹಾಕ್ಕೊಂಡು ಉಗಳ್ತಿದ್ದೆ. ಆಮ್ಯಾಲ ಮನಿಗಿ ಹೋಗಿ ಚಾ," ಅಂದ. ಶಿಷ್ಯ ಮೋಸ ಮಾಡಿದ್ದಕ್ಕೆ ಇಷ್ಟು ಸಂತೋಷಪಟ್ಟ ಗುರು ಇನ್ನೊಬ್ಬ ಇರಲಾರ.

ಆದರೆ ಲೆಕ್ಕ ಮುಗಿದಿರಲಿಲ್ಲ. ಬಾವಿಗೆ ಏನೂ ಬಿದ್ದಿಲ್ಲ ಎಂದು ತಿಳಿಯಲು ಒಂದು ವರ್ಷ ಕಾಯಬೇಕಿತ್ತು. ನಾನು ಇಳಿದ ಆ ಮಧ್ಯಾಹ್ನ ಕಾಲಿಂದ ಒಂದು ಹನಿ ತೊಟ್ಟಿಕ್ಕಿದ್ದರೆ? ಮಳೆ ಹೋಯಿತು, ಜೋಳದ ಸುಗ್ಗಿ ಹೋಯಿತು. ಈ ಬೇಸಿಗೆ ಬರುತ್ತಿದ್ದಂತೆ ನಾನು ಊರಿನವರ ಮುಖ ನೋಡುವುದು ಬಿಟ್ಟು ಕಾಲು ನೋಡತೊಡಗಿದೆ. ನೀಲಾಳ ಕಾಲ್ಬೆರಳು ಎಣಿಸುವ ಆಟ ಕಲಿಸಿದೆ, ದಿನಾ ಎಣಿಸಿದೆ. ಯಾರಾದರೂ ಬೆನ್ನು ಕೆರೆದರೆ ನನಗೆ ಬೆವರು. ಹತ್ತಿರ ಹೋಗಿ ನೋಡಿದರೆ, ಪಾಪ, ಸೆಕೆಗೆ ಎದ್ದ ಬೆವರುಸಾಲೆ.

ಒಂದು ಬೆಳಿಗ್ಗೆ ಖಾಜಾಬಿ ಕುಂಟುತ್ತ ನಮ್ಮ ಅಂಗಳಕ್ಕೆ ಬಂದಳು. ಕಟ್ಟೆಯ ಮೇಲೆ ಕೂತು, ಬಲಗಾಲು ನನ್ನ ಮುಂದೆ ಚಾಚಿದಳು.

"ನೋಡೋ, ಡಾಕ್ಟರ್. ಉರೀತದ."

ಹಿಮ್ಮಡಿಯ ಬದಿಗೆ ಬಾವು. ನಡುವೆ ಬಿಳಿ ತುದಿ.

ಅವಳು ಬಾವಿಯ ನೀರು ಕೊಡಗಟ್ಟಲೆ ಹೊತ್ತು ನನ್ನ ಕಾಲಿಗೆ ಸುರಿದವಳು. ಬೇರೆ ಯಾರಿಗೆ ಬಂದರೂ ತಡೆದುಕೊಳ್ಳುತ್ತಿದ್ದೆನೇನೋ. ಅವ್ವ ಸೂಜಿ ಕಾಯಿಸಿ ಕೊಟ್ಟಳು. ನಾನು ಸೂಜಿ ಹಿಡಿದು ಕೂತೇ ಇದ್ದುದನ್ನು ನೋಡಿ ಖಾಜಾಬಿ, "ಮುದುಕಿ ಕಾಲು ಎಂದೂ ಕಂಡಿಲ್ಲೇನೋ?" ಅಂದಳು. ಮೆಲ್ಲಗೆ ಚರ್ಮ ಬಿಡಿಸಿದೆ. ಕೀವು ಬಂತು. ಹಿಂದೆಯೇ ಏನೋ ತಾಗಿತು. ಗಟ್ಟಿ. ಕಪ್ಪು.

ಜಾಲಿ ಮುಳ್ಳು.

ಅಂಗೈಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ನೋಡಿದೆ. ಮುರಿದ ಜಾಲಿ ಮುಳ್ಳು, ಬೇರೇನೂ ಅಲ್ಲ. ನಗು ಬಂತು, ನಿಲ್ಲಲೇ ಇಲ್ಲ. ಅವ್ವನಿಗೂ ಬಂತು. ಖಾಜಾಬಿ ಇಬ್ಬರನ್ನೂ ನೋಡಿ, "ನನಗ ಮುಳ್ಳು ನಟ್ರ ನಿಮಗ ಈದ್ ಹಬ್ಬೇನು?" ಎಂದು ರೇಗಿದಳು.

ಇನ್ನೂ ಬೇಸಿಗೆ ಪೂರ್ತಿ ಮುಗಿದಿಲ್ಲ. ಈವರೆಗೆ ನಮ್ಮ ಓಣಿಯಲ್ಲಿ ಒಬ್ಬರ ಕಾಲಿನಲ್ಲೂ ದಾರ ಕಂಡಿಲ್ಲ. ಅಷ್ಟೇ ಹೇಳಬಲ್ಲೆ. ಅವತ್ತು ಅದಕ್ಕಿಂತ ಹೆಚ್ಚು ನನಗೆ ಬೇಕಿರಲಿಲ್ಲ. ಒಳಗೆ ಹೋಗಿ ಕೊಡದಿಂದ ಒಂದು ಚರಿಗೆ ನೀರು ತಂದು, ಕುಕ್ಕರಗಾಲಲ್ಲಿ ಕೂತು, ಅವಳ ಕಾಲಿನ ಮೇಲೆ ಸಣ್ಣ ಧಾರೆಯಲ್ಲಿ ಬಿಡತೊಡಗಿದೆ.

ಖಾಜಾಬಿ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಸೋಸಿದ್ದು ಏನೋ ಇದು?"

"ಹೌದು."

"ಹುಚ್ಚಾ, ಸೋಸಿದ್ದು ಯಾರರ ಕಾಲಿಗಿ ಹಾಕ್ತಾರೇನು? ಕೊಡು ಇತ್ಲಾಗ," ಎಂದು ಚರಿಗೆ ಕಸಿದುಕೊಂಡು, ಉಳಿದ ನೀರನ್ನು ಒಂದೇ ಉಸಿರಿಗೆ ಕುಡಿದಳು.